ಇಪ್ಪತ್ತನಾಲ್ಕನೆಯ ದಿನ

ಅನ್ನಕುಟ್ಟಿಗೆ ಪುತ್ತೂರಿನ ಆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದು ಅವಳ ಮಾರ್ಕುಗಳಿಂದಲ್ಲ, ಕೈಯಿಂದ. ಸಂದರ್ಶನಕ್ಕೆ ಕರೆಸಿಕೊಂಡ ದೇವಕಿ ಡಾಕ್ಟರು ಒಂದೂ ಪ್ರಶ್ನೆ ಕೇಳಲಿಲ್ಲ. ಗಾಜಿನ ನಳಿಕೆಯೊಂದನ್ನು ಕೊಟ್ಟು, ಈ ಬಾಟಲಿಯ ನೀರನ್ನು ಆ ಸಣ್ಣ ಬಾಟಲಿಗೆ ಹನಿ ಹನಿಯಾಗಿ ಬಿಡು, ಅಂಚಿಗೆ ತಾಗಬಾರದು ಎಂದರು. ಅನ್ನಕುಟ್ಟಿ ನೂರು ಹನಿ ಬಿಟ್ಟಳು. ಒಂದೂ ಅಂಚಿಗೆ ತಾಗಲಿಲ್ಲ. ಕೇರಳದಿಂದ ಬಂದು ಕಡಬದ ಕಡೆ ಕಾಡು ಕಡಿದು ರಬ್ಬರ್ ನೆಟ್ಟ ಪೈಲಿಯ ಮಗಳು ಅವಳು. ಹತ್ತು ವರ್ಷದವಳಿರುವಾಗಲೇ ಅಪ್ಪನ ಜೊತೆ ಹೋಗಿ ಮರದ ತೊಗಟೆ ಕೊಯ್ದು ಹಾಲಿಳಿಸಲು ಕಲಿತಿದ್ದಳು. ಕತ್ತಿ ಒಂದು ನೂಲಿನಷ್ಟು ಹೆಚ್ಚು ಆಳಕ್ಕೆ ಹೋದರೂ ಮರಕ್ಕೆ ಗಾಯ. ಅಂಥ ಕೈಗೆ ನಡುಕ ಎಲ್ಲಿಂದ ಬರಬೇಕು?

ಅದು ೧೯೮೨ರ ಮಾತು. ದೇವಕಿ ಡಾಕ್ಟರಿಗೆ ಆಗ ನಲವತ್ತೆರಡು. ಇಂಗ್ಲೆಂಡಿನಲ್ಲಿ ಏಳು ವರ್ಷ ಕೆಲಸ ಮಾಡಿ, ಅಪ್ಪ ತೀರಿಕೊಂಡ ಮೇಲೆ ಅವರು ಕಟ್ಟಿದ ಹೆರಿಗೆ ಆಸ್ಪತ್ರೆಯನ್ನು ಮುಚ್ಚಲು ಮನಸ್ಸಾಗದೆ ಊರಿಗೆ ಬಂದವರು. ಬರುವಾಗ ಒಂದು ಒಳ್ಳೆಯ ಸೂಕ್ಷ್ಮದರ್ಶಕವನ್ನು ತಂದಿದ್ದರು, ಜೊತೆಗೆ ಒಂದು ಹಟವನ್ನೂ. ಹೆರಿಗೆ ಕೋಣೆಯ ಹಿಂದೆ ಸೌದೆ ತುಂಬಿಡುತ್ತಿದ್ದ ಜಾಗಕ್ಕೆ ಸುಣ್ಣ ಬಳಿಸಿ, ಕಿಟಕಿಯ ಸಂದುಗಳನ್ನೆಲ್ಲ ಮುಚ್ಚಿಸಿ, ಅದನ್ನು ಪ್ರಯೋಗಾಲಯ ಎಂದು ಕರೆದಿದ್ದರು. ದೊಡ್ಡ ಊರಿನ ಪ್ರೊಫೆಸರರು ಕೇಳಿದರೆ ನಗುತ್ತಿದ್ದರೇನೋ. ಆದರೆ ಅಲ್ಲಿ ನಡೆಯುತ್ತಿದ್ದ ಕೆಲಸ ನಗುವಂಥದ್ದಲ್ಲ.

ಮಗು ನಿಲ್ಲಬೇಕಾದರೆ ಬೀಜ ಒಂದಿದ್ದರೆ ಸಾಲದು, ಅದು ಬಂದು ಕೂರುವ ನೆಲವೂ ಹದವಾಗಬೇಕು ಎಂದು ಡಾಕ್ಟರು ಅವಳಿಗೆ ಮೊದಲ ವಾರದಲ್ಲೇ ವಿವರಿಸಿದರು. ಹೆಂಗಸಿನ ಗರ್ಭಕೋಶದ ಒಳಪದರ ತಿಂಗಳು ತಿಂಗಳೂ ಬರಲಿರುವ ಭ್ರೂಣಕ್ಕಾಗಿ ಸಿದ್ಧವಾಗುತ್ತದೆ. ಯಾರೂ ಬರದಿದ್ದರೆ ಕಳಚಿ ಹೋಗುತ್ತದೆ. ಎಷ್ಟೋ ಹೆಂಗಸರಲ್ಲಿ ಆ ಪದರವೇ ಸರಿಯಾಗಿ ಸಿದ್ಧವಾಗುವುದಿಲ್ಲ, ಬಂಜೆ ಅನ್ನಿಸಿಕೊಂಡವರ ಕಷ್ಟದ ಗುಟ್ಟು ಅಲ್ಲಿದೆ ಎಂಬುದು ಅವರ ನಂಬಿಕೆ. ದೇಹದ ಒಳಗೆ ಇಣುಕಿ ನೋಡಲು ಆಗದು. ಆದ್ದರಿಂದ ಪದರದಿಂದ ಉಗುರಿನಷ್ಟು ಚೂರು ಕೆರೆದು ತೆಗೆಯುವುದು, ಅದರ ಜೀವಕೋಶಗಳನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸುವುದು, ದೇಹದಲ್ಲಿ ಊರುವ ಹಾರ್ಮೋನನ್ನೇ ತಟ್ಟೆಗೆ ಹಾಕಿ ಅವು ಹದವಾಗುತ್ತವೋ ಇಲ್ಲವೋ ನೋಡುವುದು. ಹಾರ್ಮೋನು ಹತ್ತದ ಕೋಶಗಳು ನೂಲಿನ ಕದಿರಿನ ಹಾಗೆ ಉದ್ದಕ್ಕೆ ಇರುತ್ತವೆ. ಹತ್ತಿದವು ಒಂಬತ್ತು ಹತ್ತು ದಿನಗಳಲ್ಲಿ ಊದಿಕೊಂಡು ದುಂಡಗಾಗುತ್ತವೆ. ದುಂಡಗಾದರೆ ನೆಲ ಸಿದ್ಧ ಎಂದರ್ಥ.

ಕೋಶಗಳು ಬದುಕಬೇಕಾದರೆ ಮೈಯಷ್ಟೇ ಬಿಸಿ ಬೇಕು. ಕರೆಂಟು ಹೋದಾಗ ಕಾವಿನ ಪೆಟ್ಟಿಗೆಯ ಸುತ್ತ ಬಿಸಿನೀರಿನ ರಬ್ಬರು ಚೀಲಗಳನ್ನಿಟ್ಟು ಗೋಣಿ ಹೊದೆಸುವುದು ಅನ್ನಕುಟ್ಟಿಯ ಕೆಲಸ. ತಟ್ಟೆಗಳನ್ನು ದೊಡ್ಡ ಗಾಜಿನ ಭರಣಿಯಲ್ಲಿ ಇರಿಸಿ, ಒಳಗೊಂದು ಮೇಣದ ಬತ್ತಿ ಹಚ್ಚಿ ಮುಚ್ಚಳ ಬಿಗಿಯುವಳು. ಬತ್ತಿ ಆರಿದಾಗ ಒಳಗಿನ ಗಾಳಿ ಕೋಶಗಳಿಗೆ ಬೇಕಾದ ಹದಕ್ಕೆ ಬಂದಿರುತ್ತಿತ್ತು. ಅವುಗಳ ಊಟಕ್ಕೆ ಪರದೇಶದಿಂದ ಕರುವಿನ ರಕ್ತದ ತಿಳಿ ತರಿಸಬೇಕು ಎಂದು ಪುಸ್ತಕದಲ್ಲಿತ್ತು. ಅದು ಸಿಗುವ ಹಾಗಿರಲಿಲ್ಲ. ಪಕ್ಕದ ಕೋಣೆಯಲ್ಲಿ ಹೆರಿಗೆಯಾದಾಗಲೆಲ್ಲ ಅನ್ನಕುಟ್ಟಿ ಬಾಟಲಿ ಹಿಡಿದು ಹೋಗಿ ಹೊಕ್ಕುಳಬಳ್ಳಿಯ ರಕ್ತವನ್ನು ಹಿಡಿದು ತರುವಳು. ಹೆತ್ತವರ ಬಳ್ಳಿಯ ರಕ್ತದಿಂದ ತಿಳಿ ತೆಗೆದು, ಹೆರದವರ ಕೋಶಗಳಿಗೆ ಉಣಿಸುವುದು. ಹೀಗೆ ಹೇಳಿದಾಗ ಅವಳ ಅಮ್ಮ ತ್ರೇಸ್ಯಾಮ್ಮ ಶಿಲುಬೆಯ ಗುರುತು ಮಾಡಿಕೊಂಡು, ಇಂಥದ್ದನ್ನು ಊಟದ ಹೊತ್ತಿಗೆ ಹೇಳಬೇಡ ಎಂದಿದ್ದಳು.

ಸೇವಂತಿ ಬಂದದ್ದು ಆ ವರ್ಷದ ಮಳೆಗಾಲ ಕಳೆದ ಮೇಲೆ. ಬೆಳ್ಳಾರೆಯಿಂದ ಎರಡು ಮೈಲು ಒಳಗಿನ ಗೌಡರ ಮನೆಯ ಸೊಸೆ, ಇಪ್ಪತ್ತೇಳು ವರ್ಷ. ಮದುವೆಯಾಗಿ ಏಳು ವರ್ಷವಾಗಿತ್ತು. ಗಂಡ ಬೋಜಪ್ಪ ಮಾತು ಕಡಿಮೆಯ ಮನುಷ್ಯ, ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ ತಾನು ಹೊರಗೆ ಹಲಸಿನ ಮರದ ಕೆಳಗೆ ನಿಲ್ಲುತ್ತಿದ್ದ. ಅತ್ತೆ ತಿಮ್ಮಕ್ಕ ಮೊದಲ ಸಲ ಮಾತ್ರ ಜೊತೆಗೆ ಬಂದು, ಸೊಸೆಯ ಎದುರೇ ಡಾಕ್ಟರರ ಹತ್ತಿರ ಇವಳಿಗೆ ಆಗುವ ಹಾಗೆ ಉಂಟೋ ಇಲ್ಲವೋ ಒಂದು ಮಾತಿನಲ್ಲಿ ಹೇಳಿಬಿಡಿ ಎಂದು ಕೇಳಿದಳು. ಡಾಕ್ಟರು, ತಿಂಗಳಿಗೊಮ್ಮೆ ಬರಲಿ, ಒಳಪದರ ಕೆರೆದು ನೋಡಬೇಕು, ಕೆರೆದರೆ ಹೊಸ ಪದರ ಚೆನ್ನಾಗಿ ಬರಲೂಬಹುದು ಎಂದರು. ಫೀಸು ಬೇಡ ಎಂದೂ ಹೇಳಿದರು. ಇದು ಚಿಕಿತ್ಸೆಯಲ್ಲ, ಪ್ರಯೋಗ ಎಂದು ಯಾರೂ ಹೇಳಲಿಲ್ಲ. ಫೀಸು ಬೇಡ ಎಂದ ಮೇಲೆ ತಿಮ್ಮಕ್ಕನಿಗೆ ಕೇಳುವುದಕ್ಕೂ ಏನೂ ಉಳಿಯಲಿಲ್ಲ.

ಪ್ರಜ್ಞೆ ತಪ್ಪಿಸುವ ಮದ್ದು ಕೊಡುತ್ತಿರಲಿಲ್ಲ. ಮೂರು ನಿಮಿಷದ ಕೆಲಸಕ್ಕೆ ಅದು ಬೇಡ ಎಂಬುದು ಡಾಕ್ಟರರ ಕ್ರಮ. ಆ ಮೂರು ನಿಮಿಷ ಸೇವಂತಿ ಅನ್ನಕುಟ್ಟಿಯ ಎಡಗೈಯನ್ನು ಹಿಡಿದುಕೊಳ್ಳುವಳು. ಬೇರೆ ಹೆಂಗಸರು ಕೂಗುತ್ತಿದ್ದರು, ದೇವರ ಹೆಸರು ಹೇಳುತ್ತಿದ್ದರು. ಇವಳು ಕೂಗುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಅನ್ನಕುಟ್ಟಿಯ ಕೈಯಲ್ಲಿ ಉಗುರಿನ ನಾಲ್ಕು ಗುರುತು ಮೂಡಿರುತ್ತಿತ್ತು. ಸೇವಂತಿ ಅದನ್ನು ನೋಡಿ ನಾಚಿಕೊಂಡು, ಮುಂದಿನ ಸಲ ಬರುವಾಗ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಯನ್ನೋ, ಮನೆಯ ಜೇನನ್ನೋ ತರುವಳು. ಇಬ್ಬರದೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಬಸ್ಸಿಗೆ ಹೊತ್ತಿದ್ದರೆ ಹಿಂದಿನ ಜಗಲಿಯಲ್ಲಿ ಕುಳಿತು ಮಾತಾಡುತ್ತಿದ್ದರು. ಮನೆಯಲ್ಲಿ ಹಬ್ಬಕ್ಕೆ ಬಂದ ಮಕ್ಕಳಿಗೆ ತಾನು ತಿಂಡಿ ಕೊಟ್ಟರೆ ತಾಯಂದಿರು ಹೇಗೆ ಮೆಲ್ಲ ಕರೆದುಕೊಳ್ಳುತ್ತಾರೆ ಎಂಬುದನ್ನು ಸೇವಂತಿ ಹೇಳಿದ್ದು ಅಲ್ಲಿಯೇ. ಅಳದೆ, ಬೇರೆ ಯಾರದೋ ಸುದ್ದಿಯನ್ನು ಹೇಳುವ ಹಾಗೆ ಹೇಳಿದ್ದಳು.

ಸೇವಂತಿಯ ಕೋಶಗಳು ಮಾತ್ರ ಮೊದಲ ತಟ್ಟೆಯಿಂದಲೇ ಡಾಕ್ಟರರ ಕಣ್ಣು ಸೆಳೆದವು. ಬೇರೆಯವರವು ಸಾಯುತ್ತಿದ್ದ ಬಿಸಿಯಲ್ಲೂ ಅವು ಬದುಕಿದವು. ಹಾರ್ಮೋನು ಬಿದ್ದ ಎಂಟನೇ ದಿನಕ್ಕೆ ಒಂದೂ ಬಿಡದ ಹಾಗೆ ದುಂಡಗಾದವು. ಎರಡನೇ ಸಲ, ಮೂರನೇ ಸಲವೂ ಹಾಗೆಯೇ. ಆ ಒಳಪದರದಲ್ಲಿ ಹುಡುಕಿದರೂ ಒಂದು ಕುಂದು ಇರಲಿಲ್ಲ.

ಒಂದು ದಿನ ಡಾಕ್ಟರು ಮಂಗಳೂರಿಗೆ ಹೋಗಿದ್ದಾಗ ಅನ್ನಕುಟ್ಟಿ ಸೇವಂತಿಯನ್ನು ಒಳಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಸೇವಂತಿಗೆ ಮೊದಲು ತನ್ನ ರೆಪ್ಪೆಯೇ ಕಂಡಿತು. ಆಮೇಲೆ ಕಂಡಿತು. ತುಂಬ ಹೊತ್ತು ನೋಡಿದಳು.

"ಇದು ನಂದಾ?"

"ನಿಮ್ಮದೇ. ಹೋದ ತಿಂಗಳಿದ್ದು."

"ಜೀವ ಉಂಟಾ ಇದಕ್ಕೆ?"

"ಉಂಟು. ನಿಮ್ಮ ಮೈಯಿಂದ ಹೊರಗೆ ಬಂದು ಇಪ್ಪತ್ತು ದಿನ ಆಯ್ತು, ಈಗಲೂ ಉಂಟು. ಈ ದುಂಡು ದುಂಡು ಕಾಣುದು ನೋಡಿ, ಮಗು ಬಂದ್ರೆ ಹಿಡಿದುಕೊಳ್ಳಲಿಕ್ಕೆ ತಯಾರಾದದ್ದು ಅದು."

ಸೇವಂತಿ ಕಣ್ಣು ತೆಗೆದು ಅವಳನ್ನು ನೋಡಿದಳು. "ಹಾಗಾದ್ರೆ ನನ್ನಲ್ಲಿ ಕುಂದು ಇಲ್ಲ."

"ಇಲ್ಲಿ ಇಲ್ಲ."

"ಈ ಮಾತನ್ನು ಡಾಕ್ಟ್ರು ನಮ್ಮ ಮನೆಯವರತ್ರ ಒಂದ್ಸಲ ಹೇಳಿದ್ರೆ ಸಾಕಿತ್ತು ಸಿಸ್ಟರ್. ನಂಗೆ ಮತ್ತೆಂತ ಬೇಡ."

ಅನ್ನಕುಟ್ಟಿ ಮರುದಿನವೇ ಡಾಕ್ಟರರ ಹತ್ತಿರ ಹೇಳಿದಳು. ಡಾಕ್ಟರು ಬರೆಯುತ್ತಿದ್ದವರು ತಲೆಯೆತ್ತಲಿಲ್ಲ. ಬೇರೆ ಹೆಂಗಸರ ಪದರ ಸರಿಯಿಲ್ಲ ಎಂದು ತೋರಿಸಬೇಕಾದರೆ ಸರಿಯಿರುವುದು ಒಂದು ಬೇಕು. ಈ ಹೆಂಗಸೇ ನಮ್ಮ ಅಳತೆಗೋಲು. ಕುಂದು ಇಲ್ಲ ಎಂದು ಈಗಲೇ ಹೇಳಿದರೆ ಅವಳು ನಾಳೆಯಿಂದ ಬರುವುದಿಲ್ಲ. ಇನ್ನು ಆರು ಸಲ ಸಾಕು, ಕೆಲಸ ಮುಗಿಯಲಿ, ನಾನೇ ಅವಳ ಗಂಡನನ್ನು ಕರೆದು ಹೇಳುತ್ತೇನೆ ಎಂದರು. ಮುಗಿದ ಮೇಲೆ ಬರೆಯುವ ಲೇಖನದಲ್ಲಿ ತನ್ನ ಹೆಸರಿನ ಪಕ್ಕ ಅನ್ನಕುಟ್ಟಿಯ ಹೆಸರೂ ಅಚ್ಚಾಗುತ್ತದೆ ಎಂದು ಅವರು ಹೇಳಿದ್ದೂ ಆ ದಿನವೇ. ಮುನ್ನೂರು ರಬ್ಬರ್ ಮರದ ಪೈಲಿಯ ಮಗಳ ಹೆಸರು ಇಂಗ್ಲೆಂಡಿನಲ್ಲಿ ಓದುವ ಕಾಗದದ ಮೇಲೆ. ಅನ್ನಕುಟ್ಟಿ ಆ ಸಂಜೆ ಸೇವಂತಿಯ ವಿಷಯ ಮತ್ತೆ ಎತ್ತಲಿಲ್ಲ. ಮುಂದಿನ ತಿಂಗಳು ಸೇವಂತಿ ಕೇಳಿದಾಗ, ಹೇಳ್ತಾರಂತೆ, ಸ್ವಲ್ಪ ತಾಳಬೇಕಂತೆ ಎಂದಳು. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ಆರು ಸಲ ಎಂದದ್ದು ಒಂಬತ್ತಾಯಿತು. ಮೇಲಿಂದ ಮೇಲೆ ಕೆರೆದು ಕೆರೆದು ಸೇವಂತಿಯ ಮುಟ್ಟಿನ ಲೆಕ್ಕವೂ ತಪ್ಪತೊಡಗಿತು. ಎರಡು ಸಲ ಹತ್ತು ಹನ್ನೆರಡು ದಿನ ಮುಂದೆ ಹೋಯಿತು. ಎರಡು ಸಲವೂ ಅವಳು ಆಸೆಯಿಂದ ಓಡಿ ಬಂದಳು. ಅನ್ನಕುಟ್ಟಿ ಮೂತ್ರದ ಹನಿಗೆ ಮದ್ದಿನ ಹನಿ ಸೇರಿಸಿ ಗಾಜಿನ ಮೇಲೆ ನೋಡಿದಳು. ಎರಡು ಸಲವೂ ಬಸುರು ಇರಲಿಲ್ಲ.

೧೯೮೪ರ ಫೆಬ್ರವರಿ. ಮುಂದಿನ ತಿಂಗಳು ಮುಂಬಯಿಯಲ್ಲಿ ಡಾಕ್ಟರುಗಳ ದೊಡ್ಡ ಸಭೆ, ದೇವಕಿ ಡಾಕ್ಟರು ಅಲ್ಲಿ ತಮ್ಮ ಕೆಲಸವನ್ನು ಓದುವುದು ಎಂದು ನಿಶ್ಚಯವಾಗಿತ್ತು. ಸೇವಂತಿಯ ಒಂದು ಚೂರು ಬಾಕಿ. ಅದೂ ಮುಟ್ಟಾದ ಇಪ್ಪತ್ತನಾಲ್ಕನೆಯ ದಿನದ ಆಚೀಚೆ ತೆಗೆದದ್ದೇ ಆಗಬೇಕು, ಒಳಪದರ ಹದವಾಗುವ ಹೊತ್ತು ಅದು. ಮುಟ್ಟಿನ ಲೆಕ್ಕ ತಪ್ಪುತ್ತಿದ್ದುದರಿಂದ ಬರಬೇಕಾದ ದಿನವನ್ನು ಅಂದಾಜಿನಲ್ಲೇ ಹೇಳಿಕಳಿಸಿದ್ದರು. ಆ ಬೆಳಿಗ್ಗೆ ಅನ್ನಕುಟ್ಟಿ ಕೋಶಗಳಿಗೆ ಉಣಿಸುವ ದ್ರವವನ್ನು ಬಿಸಿಗಿಟ್ಟು, ತಟ್ಟೆಗಳನ್ನು ಜೋಡಿಸಿ, ಎಲ್ಲ ಸಿದ್ಧ ಮಾಡಿಕೊಂಡಿದ್ದಳು. ಹಿಂದಿನ ದಿನದ ಹೆರಿಗೆಯ ರಕ್ತದಿಂದ ತೆಗೆದ ತಿಳಿ ಒಂದೇ ಬಾಟಲಿ ಇತ್ತು. ಎರಡು ದಿನ ಕಳೆದರೆ ಅದು ಕೆಡುತ್ತಿತ್ತು.

ಸೇವಂತಿ ಬಾಗಿಲಲ್ಲೇ ಅವಳನ್ನು ತಡೆದಳು. ಬೆವರಿದ್ದಳು, ಆದರೆ ಮುಖದಲ್ಲಿ ಏನೋ ಒಂದು ಇತ್ತು.

"ಸಿಸ್ಟರ್, ಇವತ್ತು ಬೇಡ. ಈ ಸಲ ಹೊರಗೆ ಆಗ್ಲಿಲ್ಲ. ದಿನ ಕಳೆದು ಹನ್ನೆರಡಾಯ್ತು. ಒಂದ್ಸಲ ಮೂತ್ರ ನೋಡಿ."

ಪರೀಕ್ಷೆಯ ಮದ್ದು ಫ್ರಿಜ್ಜಿನಲ್ಲಿತ್ತು. ಎರಡು ನಿಮಿಷದ ಕೆಲಸ. ಒಳಗೆ ಡಾಕ್ಟರು ಕೈ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ದಿನ ತಪ್ಪಿದೆ ಎಂದು ಅವರ ಕಿವಿಗೆ ಬಿದ್ದರೆ, ಪರೀಕ್ಷೆಯಲ್ಲಿ ಏನೇ ಕಾಣಲಿ, ಈ ಸಲದ ಚೂರು ಲೆಕ್ಕಕ್ಕೆ ಬಾರದು, ಅವಳನ್ನು ಮನೆಗೆ ಕಳಿಸುತ್ತಾರೆ. ಮುಂದಿನ ತಿಂಗಳು ಎಂದರೆ ಮುಂಬಯಿ ಮುಗಿದಿರುತ್ತದೆ. ಇದೆಲ್ಲ ಅನ್ನಕುಟ್ಟಿಯ ತಲೆಯಲ್ಲಿ ಒಂದು ಉಸಿರಿನಲ್ಲಿ ಹಾದುಹೋಯಿತು.

"ಮೊದಲೂ ಎರಡು ಸಲ ಹೀಗೇ ಆಗಿತ್ತಲ್ಲ ಅಕ್ಕ," ಎಂದಳು. "ಸುಮ್ಮನೆ ಆಸೆ ಮಾಡಿಕೊಂಡು ಬೇಜಾರು ಮಾಡುದು ಬೇಡ. ಇದೊಂದೇ ಕಡೇದು. ಬನ್ನಿ."

ನಿಮಗೆ ಗೊತ್ತಿರ್ತದೆ ಎಂದು ಸೇವಂತಿ ಒಳಗೆ ಬಂದಳು. ಡಾಕ್ಟರು ಎಷ್ಟನೇ ದಿನ ಎಂದು ಕೇಳಿದಾಗ ಅನ್ನಕುಟ್ಟಿ ಇಪ್ಪತ್ತನಾಲ್ಕು ಎಂದಳು. ಪುಸ್ತಕದಲ್ಲೂ ಹಾಗೆಯೇ ಬರೆದಳು. ಅವಳ ಕೈ ಆಗಲೂ ನಡುಗಲಿಲ್ಲ.

ರಕ್ತ ಸ್ವಲ್ಪ ಹೆಚ್ಚು ಹೋಯಿತು. ಡಾಕ್ಟರು ಹುಬ್ಬು ಗಂಟಿಕ್ಕಿ, ಒಂದು ಗಂಟೆ ಮಲಗಿಸಿ ಕಳಿಸಿ ಎಂದರು.

ನಾಲ್ಕನೆಯ ದಿನ ತಟ್ಟೆಗಳನ್ನು ತೆಗೆದು ನೋಡಿದಾಗ ಅನ್ನಕುಟ್ಟಿಗೆ ಮೊದಲು ತಾನು ತಟ್ಟೆ ಅದಲು ಬದಲು ಮಾಡಿದೆನೋ ಎನ್ನಿಸಿತು. ಹಾರ್ಮೋನು ಹಾಕದ ತಟ್ಟೆಯಲ್ಲೂ ಕೋಶಗಳು ದುಂಡಗಿದ್ದವು. ಯಾರೂ ಹೇಳದೆಯೇ ಅವು ಹದವಾಗಿದ್ದವು. ಅಂದರೆ ತಟ್ಟೆಗೆ ಬರುವ ಮೊದಲೇ ಆಗಿದ್ದವು. ಚೂರಿನ ಒಂದು ಭಾಗವನ್ನು ಯಾವಾಗಲೂ ಫಾರ್ಮಲಿನ್‌ನಲ್ಲಿ ಹಾಕಿಡುವ ಪದ್ಧತಿ. ಅದನ್ನು ಮೇಣದಲ್ಲಿ ಕೂರಿಸಿ, ತೆಳುವಾಗಿ ಕೊಯ್ದು, ಬಣ್ಣ ಹತ್ತಿಸಿ ನೋಡಲು ಮತ್ತೆ ಮೂರು ದಿನ ಹಿಡಿಯಿತು. ಮೂರನೆಯ ದಿನ ಗಾಜಿನ ಮೇಲೆ ಕಂಡದ್ದನ್ನು ಅವಳು ಆ ಆಸ್ಪತ್ರೆಯಲ್ಲಿ ಹತ್ತಾರು ಸಲ ನೋಡಿದ್ದಳು, ಬಸುರಿಳಿದವರ ಚೂರುಗಳಲ್ಲಿ. ಬೆರಳು ಬೆರಳಾಗಿ ಕವಲೊಡೆದ ಸಣ್ಣ ಸಣ್ಣ ಎಳೆಗಳು. ತಾಯಿಯ ಮೈಯಲ್ಲಿ ಹಿಡಿದು ನಿಲ್ಲಲು ಭ್ರೂಣ ಬಿಡುವ ಬೇರು. ಅದು ತಾಯಿಯದಲ್ಲ, ಮಗುವಿನದು.

ಒಂಬತ್ತು ವರ್ಷಕ್ಕೆ ಒಮ್ಮೆ ಬಂದಿತ್ತು. ಬಂದು ಕೂತಿತ್ತು.

ಅವಳು ಗಾಜನ್ನು ಡಾಕ್ಟರರ ಮೇಜಿಗೆ ತೆಗೆದುಕೊಂಡು ಹೋದಳು. ಡಾಕ್ಟರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, ನೀನು ಎಷ್ಟನೇ ದಿನ ಎಂದು ಹೇಳಿದ್ದೆ ಎಂದು ಕೇಳಿದರು. ಅನ್ನಕುಟ್ಟಿ ನಡೆದದ್ದನ್ನೆಲ್ಲ ಹೇಳಿದಳು. ಬಾಗಿಲಲ್ಲಿ ಸೇವಂತಿ ಹೇಳಿದ್ದು, ತಾನು ಹೇಳಿದ್ದು, ಪುಸ್ತಕದಲ್ಲಿ ಬರೆದದ್ದು. ಬೈಗುಳಕ್ಕೆ ಕಾದಳು. ಡಾಕ್ಟರು ಬೈಯಲಿಲ್ಲ. ಮುಖ ಬೂದಿಯಾಗಿತ್ತು. ಗಾಜನ್ನು ತಮ್ಮ ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದರು.

"ಈ ಚೂರು ಲೆಕ್ಕಕ್ಕೆ ಬೇಡ. ತಟ್ಟೆ ಎಸೆದುಬಿಡು," ಎಂದರು. "ಮತ್ತೆ, ಆ ಹೆಂಗಸಿಗೆ ಹೇಳುದು ಬೇಡ. ಹೇಳಿದರೆ ಅವಳಿಗೆ ಎಂತ ಸಿಗುದು? ಹೋದದ್ದು ಬರ್ತದಾ? ಈ ಆಸ್ಪತ್ರೆಯ ಬಾಗಿಲು ಮುಚ್ತದೆ, ಅಷ್ಟೆ."

ಅನ್ನಕುಟ್ಟಿ ತಟ್ಟೆಯನ್ನು ಎಸೆಯಲಿಲ್ಲ. ಪೆಟ್ಟಿಗೆಯ ಹಿಂದಿನ ಮೂಲೆಯಲ್ಲಿಟ್ಟು, ಎರಡು ದಿನಕ್ಕೊಮ್ಮೆ ದ್ರವ ಬದಲಿಸುತ್ತ ಹೋದಳು. ಐದನೇ ವಾರದಲ್ಲಿ ಕೋಶಗಳು ಗಾಜನ್ನು ಬಿಟ್ಟು ತೇಲತೊಡಗಿದವು. ಆಮೇಲೆ ಸತ್ತವು.

ಅಷ್ಟರಲ್ಲಿ ಸೇವಂತಿ ಜ್ವರ ಹಿಡಿದು ಆಸ್ಪತ್ರೆ ಸೇರಿದ್ದಳು. ಒಳಗೆ ನಂಜಾಗಿತ್ತು. ಡಾಕ್ಟರು ಹತ್ತು ದಿನ ತಾವೇ ನಿಂತು ನೋಡಿದರು, ಮುಂಬಯಿಗೂ ಹೋಗಲಿಲ್ಲ. ಅದನ್ನು ಅಲ್ಲ ಎನ್ನುವ ಹಾಗಿಲ್ಲ. ಜೀವ ಉಳಿಯಿತು. ಆದರೆ ಹೊರಡುವ ದಿನ ಬೋಜಪ್ಪ ಕೇಳಿದಾಗ, ಗರ್ಭನಳಿಗಳು ಅಂಟಿಕೊಂಡಿರಬಹುದು, ಇನ್ನು ಆಸೆ ಇಟ್ಟುಕೊಳ್ಳುವುದು ಕಷ್ಟ ಎಂದರು. ಆ ಮಾತು ಮಾತ್ರ ನಿಜವಾಗಿತ್ತು.

ನವೆಂಬರದಲ್ಲಿ ಸೇವಂತಿ ಒಬ್ಬಳೇ ಬಂದಳು, ಹೊಟ್ಟೆನೋವಿಗೆ ಮದ್ದು ತೆಗೆದುಕೊಳ್ಳಲು. ತೆಳ್ಳಗಾಗಿದ್ದಳು. ಜಗಲಿಯಲ್ಲಿ ಕುಳಿತು ಸುದ್ದಿ ಹೇಳಿದಳು. ಮನೆಯಲ್ಲಿ ಇನ್ನೊಂದು ಹುಡುಗಿ ನೋಡಿದ್ದಾರೆ. ಗಂಡ ಮೊದಲು ಒಪ್ಪಿರಲಿಲ್ಲ. ಅತ್ತೆ, ಒಂಬತ್ತು ವರ್ಷದಲ್ಲಿ ಒಂದ್ಸಲ ಆದರೂ ನಿಂತದ್ದು ಉಂಟಾ, ಒಂದ್ಸಲ ನಿಂತಿದ್ದರೆ ನಾನೇ ಬಾಯಿ ಮುಚ್ಚುತ್ತಿದ್ದೆ ಎಂದಳಂತೆ. ಆಮೇಲೆ ಗಂಡನೂ ಒಪ್ಪಿದ. ಹೌದಲ್ಲ ಸಿಸ್ಟರ್, ಒಂದ್ಸಲವೂ ಇಲ್ಲವಲ್ಲ ಎಂದು ಸೇವಂತಿ ಎದ್ದು ಹೋದಳು.

ಮುಂದಿನ ಭಾನುವಾರ ಚರ್ಚಿನ ಪೂಜೆ ಮುಗಿಸಿ ಅನ್ನಕುಟ್ಟಿ ಬೆಳ್ಳಾರೆಯ ಬಸ್ಸು ಹತ್ತಿದಳು. ಸೇವಂತಿ ದನದ ಹಟ್ಟಿಯ ಹತ್ತಿರ ಸೊಪ್ಪು ಹರವುತ್ತಿದ್ದಳು. ಅನ್ನಕುಟ್ಟಿ ನಿಂತಲ್ಲೇ ಹೇಳಿದಳು. ದಾರಿಯಲ್ಲಿ ಜೋಡಿಸಿಕೊಂಡ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಆ ಕಡೇ ಸಲ ನೀವು ಬಸುರಿ ಆಗಿದ್ದಿರಿ, ಕೆರೆದದ್ದರಲ್ಲಿ ಅದು ಹೋಯಿತು, ನಾನು ಕಣ್ಣಲ್ಲಿ ಕಂಡಿದ್ದೇನೆ. ಅಷ್ಟೇ.

ಸೇವಂತಿ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು.

"ನಾನು ನಿಮ್ಮತ್ರ ಹೇಳಿದ್ದೆ," ಎಂದಳು.

"ಹೇಳಿದ್ದಿರಿ."

"ಎರಡು ನಿಮಿಷದ ಕೆಲಸ ಅಂತ ನೀವೇ ಒಮ್ಮೆ ಹೇಳಿದ್ದಿರಿ."

ಸೇವಂತಿ ಅಳಲೂ ಇಲ್ಲ, ಬೈಯಲೂ ಇಲ್ಲ. ಕೈ ಒರಸಿಕೊಂಡು, ಬನ್ನಿ, ಇದನ್ನು ಅವರ ಎದುರು ಹೇಳಿ ಎಂದು ಮುಂದೆ ನಡೆದಳು. ಅನ್ನಕುಟ್ಟಿ ತನ್ನ ಭಾರ ಇಳಿಸಲು ಬಂದವಳು. ಇನ್ನೊಬ್ಬರ ಅಂಗಳದಲ್ಲಿ ನಿಂತು ಸಾಕ್ಷಿ ಹೇಳಬೇಕಾದೀತು ಎಂದು ಎಣಿಸಿರಲಿಲ್ಲ. ಆದರೂ ಬೋಜಪ್ಪನ, ತಿಮ್ಮಕ್ಕನ ಎದುರು ಹೇಳಿದಳು. ತಿಮ್ಮಕ್ಕ, ಇದು ಡಾಕ್ಟರು ಹೇಳಿದ ಮಾತಾ, ಈ ಹುಡುಗಿ ಹೇಳಿದ ಮಾತಾ ಎಂದು ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಮಗನನ್ನು ಕೇಳಿದಳು. ಬೋಜಪ್ಪ, ನಾಳೆ ಹೋಗಿ ಕೇಳುವ ಎಂದ.

ಮರುದಿನ ಡಾಕ್ಟರರ ಕೋಣೆಯಲ್ಲಿ ನಾಲ್ವರೇ ಇದ್ದರು. ಬೋಜಪ್ಪ ಕೂರಲಿಲ್ಲ. ಹೆಂಡತಿಗೆ ಬಸುರು ನಿಂತಿದ್ದು ಹೌದಾ ಎಂದು ಒಂದೇ ಪ್ರಶ್ನೆ ಕೇಳಿದ. ಡಾಕ್ಟರು ಅನ್ನಕುಟ್ಟಿಯ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ಪುಸ್ತಕ ತರಿಸಿ ಆ ಪುಟವನ್ನು ತೆರೆದು ಬೋಜಪ್ಪನ ಕಡೆ ತಿರುಗಿಸಿದರು.

"ಓದಿ. ಇಪ್ಪತ್ತನಾಲ್ಕನೇ ದಿನ ಅಂತ ಉಂಟು. ಮುಟ್ಟು ತಪ್ಪಲಿಕ್ಕೆ ಇನ್ನೂ ನಾಲ್ಕು ದಿನ ಉಂಟು ಆಗ. ಬಸುರು ಎಲ್ಲಿಂದ?"

"ಅದು ನಾನು ಸುಳ್ಳು ಬರೆದದ್ದು ಮೇಡಂ," ಎಂದಳು ಅನ್ನಕುಟ್ಟಿ. "ನಿಮಗೆ ಗೊತ್ತುಂಟು. ಗಾಜು ನಿಮ್ಮ ಡ್ರಾಯರಲ್ಲಿ ಉಂಟು."

ಡಾಕ್ಟರು ಎದ್ದು ಡ್ರಾಯರು ಎಳೆದರು. ಬೀಗ ಇರಲಿಲ್ಲ. ಗಾಜೂ ಇರಲಿಲ್ಲ.

"ಅವಳೇ ಹೇಳ್ತಾಳೆ, ಸುಳ್ಳು ಬರೆದೆ ಅಂತ," ಎಂದರು ಡಾಕ್ಟರು, ಸ್ವರ ಏರಿಸದೆ. "ಅವತ್ತು ಸುಳ್ಳು ಬರೆದವಳು ಇವತ್ತು ನಿಜ ಹೇಳ್ತಾಳೆ ಅಂತ ನಾನು ಹೇಗೆ ಹೇಳ್ಲಿ ಬೋಜಪ್ಪನವ್ರೆ? ನೀವೇ ಹೇಳಿ."

ಬೋಜಪ್ಪ ಅನ್ನಕುಟ್ಟಿಯ ಕಡೆ ತಿರುಗಿ, ಇದು ನಿಮ್ಮ ಕೈಬರಹ ಹೌದಾ ಎಂದು ಕೇಳಿದ. ಅವಳು ಹೌದು ಎಂದಳು.

ಆಗ ಸೇವಂತಿ ಬಾಯಿ ತೆರೆದಳು. "ದಿನ ಕಳೆದು ಹನ್ನೆರಡಾಗಿತ್ತು. ನನ್ನ ಮೈ ನನಗೆ ಗೊತ್ತಿಲ್ವಾ?"

"ಮೊದಲೂ ಎರಡು ಸಲ ಹಾಗೇ ಆಗಿತ್ತಲ್ಲ ಸೇವಂತಿ," ಎಂದ ಬೋಜಪ್ಪ. ಕೆಟ್ಟ ಸ್ವರದಲ್ಲಿ ಹೇಳಲಿಲ್ಲ. ಸಮಾಧಾನ ಮಾಡುವ ಹಾಗೆ ಹೇಳಿದ.

ಅನ್ನಕುಟ್ಟಿ ಅವತ್ತು ಬಾಗಿಲಲ್ಲಿ ಹೇಳಿದ ಮಾತು ಹಾಗೆಯೇ ಇನ್ನೊಬ್ಬರ ಬಾಯಿಂದ ಬಂದಿತ್ತು. ಸೇವಂತಿ ಇಬ್ಬರನ್ನೂ ನೋಡಿದಳು, ಆಮೇಲೆ ಯಾರನ್ನೂ ನೋಡಲಿಲ್ಲ. ಸೆರಗನ್ನು ಹೊದೆದುಕೊಂಡು ಹೊರಗೆ ನಡೆದಳು.

ಅನ್ನಕುಟ್ಟಿಯನ್ನು ಅಂದೇ ಕೆಲಸದಿಂದ ತೆಗೆದರು. ಅವಳು ಕಡಬಕ್ಕೆ ಹೋಗಿ ಒಂದೂವರೆ ವರ್ಷ ಅಪ್ಪನ ಮರಗಳನ್ನು ಕೊಯ್ದಳು. ಆಮೇಲೆ ಅಲ್ಲೊಬ್ಬ ಡಾಕ್ಟರರ ಹತ್ತಿರ ರಕ್ತ, ಕಫ ನೋಡುವ ಕೆಲಸ ಹಿಡಿದಳು. ದೇವಕಿ ಡಾಕ್ಟರರ ಲೇಖನ ಎಂಬತ್ತಾರರಲ್ಲಿ ಅಚ್ಚಾಯಿತು. ಅವರು ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದರು. ಎರಡನೆಯ ಹೆಸರು ಅವಳದೇ. ಹನ್ನೊಂದು ಹೆಂಗಸರ ಒಳಪದರ ಹಾರ್ಮೋನಿಗೆ ಒಗ್ಗಲಿಲ್ಲ, ಆರೋಗ್ಯವಂತ ಹೆಂಗಸೊಬ್ಬಳ ಪದರ ಪ್ರತಿ ಸಲವೂ ಒಗ್ಗಿತು ಎಂದು ಅದರಲ್ಲಿತ್ತು. ಆರೋಗ್ಯವಂತ ಹೆಂಗಸು ಯಾರೆಂದು ಅನ್ನಕುಟ್ಟಿಗೆ ಗೊತ್ತಿತ್ತು. ಪೈಲಿ ಮಗಳ ಹೆಸರನ್ನು ಬೆರಳಿಟ್ಟು ತೋರಿಸು ಎಂದ. ಅವಳು ತೋರಿಸಲಿಲ್ಲ.

ಬೋಜಪ್ಪನಿಗೆ ಎಂಬತ್ತೈದರ ಬೇಸಿಗೆಯಲ್ಲಿ ಎರಡನೇ ಮದುವೆಯಾಗಿತ್ತು. ಸೇವಂತಿ ಮನೆ ಬಿಡಲಿಲ್ಲ. ಹೊಸಬಳು ಹೆತ್ತಾಗ ಬಾಣಂತನ ಮಾಡಿದವಳೂ ಅವಳೇ. ಮಗುವಿಗೆ ನಲವತ್ತು ದಿನ ಆದ ಮರುದಿನ, ಯಾರ ಹತ್ತಿರವೂ ಜಗಳವಾಡದೆ, ಒಂದು ಚೀಲ ಹಿಡಿದುಕೊಂಡು ಸುಳ್ಯದ ಹತ್ತಿರದ ಅಣ್ಣ ಕುಕ್ಕಪ್ಪನ ಮನೆಗೆ ಹೊರಟುಹೋದಳಂತೆ. ಈ ಸುದ್ದಿ ಅನ್ನಕುಟ್ಟಿಗೆ ತಲುಪಿದ್ದು ಬೆಳ್ಳಾರೆಯಿಂದ ರಕ್ತ ಪರೀಕ್ಷೆಗೆ ಬಂದ ಒಬ್ಬಳಿಂದ.

ಎಂಬತ್ತೇಳರ ಜನವರಿಯಲ್ಲಿ ಅವಳು ಸುಳ್ಯಕ್ಕೆ ಹೋದಳು. ಕ್ಷಮೆ ಕೇಳಲೋ, ಬೈಸಿಕೊಳ್ಳಲೋ ಅವಳಿಗೇ ತಿಳಿದಿರಲಿಲ್ಲ. ಕುಕ್ಕಪ್ಪ ಅವಳನ್ನು ಒಳಗೆ ಕರೆದು ಬೆಲ್ಲ ನೀರು ಕೊಟ್ಟ. ಸೇವಂತಿ ಹೊಲಿಗೆ ಮಿಷಿನಿನ ಮುಂದಿನಿಂದ ಎದ್ದು ಬಂದು ಎದುರು ಕುಳಿತಳು. ತಲೆಯಲ್ಲಿ ಬಿಳಿ ಕಾಣತೊಡಗಿತ್ತು. ಅಪ್ಪ ಅಮ್ಮ ಹೇಗಿದ್ದಾರೆ ಎಂದು ವಿಚಾರಿಸಿದಳು. ಕಡಬದ ಕಡೆ ಮಳೆ ಹೇಗಿತ್ತು ಎಂದಳು. ಅನ್ನಕುಟ್ಟಿ ಒಂದಕ್ಕೆ ಎರಡು ಮಾತು ಸೇರಿಸಿ ಉತ್ತರ ಕೊಡುತ್ತ, ಆ ಇನ್ನೊಂದು ಮಾತಿಗೆ ಕಾಯುತ್ತಿದ್ದಳು. ಅದು ಬರಲಿಲ್ಲ. ಹೊರಡಲು ಎದ್ದಾಗ ಸೇವಂತಿ ಅಂಗಳದ ತುದಿಯವರೆಗೆ ಬಂದಳು.

"ಒಂದು ಕೇಳ್ಲಿಕ್ಕುಂಟು," ಎಂದಳು. "ಅದನ್ನು ಎಲ್ಲಿ ಹಾಕಿದ್ರಿ?"

ಯಾವುದು ಎಂದು ಅನ್ನಕುಟ್ಟಿ ಕೇಳಲಿಲ್ಲ. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸ್ವಲ್ಪ ತಟ್ಟೆಯಲ್ಲಿ ಇತ್ತು, ಐದು ವಾರ ಬದುಕಿತ್ತು. ಸತ್ತ ಮೇಲೆ ಆಸ್ಪತ್ರೆಯ ಬೇರೆ ಕಸದ ಜೊತೆ ಹಿತ್ತಿಲಿನ ಒಲೆಗೆ ಹಾಕಿದೆ. ಅಲ್ಲಿ ಎಲ್ಲವನ್ನೂ ಸುಡುವುದು.

"ಸುಟ್ಟದ್ದಾ," ಎಂದಳು ಸೇವಂತಿ. "ನಮ್ಮಲ್ಲಿ ಮಕ್ಕಳನ್ನು ಸುಡುದಿಲ್ಲ ಸಿಸ್ಟರ್. ಹೂಳುದು."

ಅಷ್ಟು ಹೇಳಿ ಅವಳು ಒಳಗೆ ಹೋದಳು. ಒಳಗಿನಿಂದ ಮತ್ತೆ ಮಿಷಿನಿನ ಸದ್ದು ಶುರುವಾಯಿತು. ಅನ್ನಕುಟ್ಟಿ ಗದ್ದೆಯ ಬದುವಿನ ಮೇಲೆ ನಡೆದು ಮಾರ್ಗಕ್ಕೆ ಬಂದು, ಮಧ್ಯಾಹ್ನದ ಬಸ್ಸಿಗೆ ಕಾದು ನಿಂತಳು.